ಊಟದ ಮೇಜಿಗೊಂದು ಎರಡು ತಿರುಪಿನ ವೈಸ್

ಮನೆಯಲ್ಲೇ ಮರಗೆಲಸ ಕಲಿಯಬೇಕು ಅಂತ ಹೊರಟವರು ಮೊದಲು ಗರಗಸ ತರುತ್ತಾರೆ. ಆಮೇಲೆ ಉಳಿ, ತೋಪಡ, ಮೂಲೆಮಟ್ಟ. ಮೊದಲ ಹಲಗೆಗೆ ಗರಗಸ ಇಟ್ಟಾಗ ಗೊತ್ತಾಗುತ್ತದೆ, ಮುಖ್ಯವಾದದ್ದನ್ನೇ ತಂದಿಲ್ಲ ಅಂತ. ಹಲಗೆಯನ್ನು ಹಿಡಿದುಕೊಳ್ಳುವವರು ಯಾರು? ಎಡಗೈಯಲ್ಲಿ ಒತ್ತಿ ಹಿಡಿದರೆ ಅದು ತಿರುಗುತ್ತದೆ. ಕುರ್ಚಿಯ ಮೇಲಿಟ್ಟು ಮೊಣಕಾಲು ಕೊಟ್ಟರೆ ಕುರ್ಚಿಯೇ ಜಾರುತ್ತದೆ. ಎಳೆದ ಗೆರೆ ಒಂದು ಕಡೆ, ಗರಗಸ ಹೋದದ್ದು ಇನ್ನೊಂದು ಕಡೆ.

ನಮ್ಮ ಕಡೆಯ ಹಳೇ ಆಚಾರ್ರನ್ನು ನೋಡಿ. ಅವರಿಗೆ ಈ ಕಷ್ಟವೇ ಇಲ್ಲ. ನೆಲದ ಮೇಲೆ ಕೂತು ಒಂದು ಪಾದದಿಂದ ಹಲಗೆ ಅದುಮಿ, ಇನ್ನೊಂದರ ಹಿಮ್ಮಡಿ ತುದಿಗೆ ಕೊಟ್ಟು, ಎರಡೂ ಕೈ ಬಿಟ್ಟುಕೊಂಡು ಕೊಡತಿ ಉಳಿ ಹಿಡಿಯುತ್ತಾರೆ. ಕಾಲೇ ಅವರ ವೈಸ್, ಅಂದರೆ ಹಲಗೆಯನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ. ಅದನ್ನು ನೋಡಿ ನಾನೂ ಹಾಗೇ ಕೂತೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು, ಉಳಿ ಹೆಬ್ಬೆರಳಿನ ಪಕ್ಕದಲ್ಲೇ ಹಾದು ಹೋಯಿತು. ಅವರದ್ದು ಚಿಕ್ಕಂದಿನಿಂದ ಪಳಗಿದ ಕಾಲು. ನನ್ನದು ಕಂಪ್ಯೂಟರ್ ಮುಂದೆ ಮಡಚಿಟ್ಟ ಕಾಲು. ನನ್ನಂಥವರಿಗೆ ಬೇರೆ ದಾರಿ ಬೇಕು.

ಸರಿಯಾದ ದಾರಿ ಅಂದರೆ ದಪ್ಪ ಹಲಗೆಯ ಭಾರದ ವರ್ಕ್‌ಬೆಂಚು, ಅದಕ್ಕೆ ಬಿಗಿದ ಕಬ್ಬಿಣದ ವೈಸ್. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅದನ್ನು ಎಲ್ಲಿಡುವುದು? ಇರುವುದು ಒಂದು ಊಟದ ಮೇಜು. ಅದಕ್ಕೆ ತೂತು ಕೊರೆಯುವ ಹಾಗಿಲ್ಲ. ಕೊರೆದರೆ ಊಟ ಸಿಗುವುದಿಲ್ಲ. ಅಂದಮೇಲೆ ವೈಸ್ ಮೇಜಿನ ಮೇಲೆ ಬಂದು ಕೂರಬೇಕು, ಕೆಲಸ ಮುಗಿದ ಮೇಲೆ ಎದ್ದು ಹೋಗಬೇಕು. ಅಂಥದ್ದೊಂದು ಇದೆ. ಹೊಸದೇನಲ್ಲ, ಮುನ್ನೂರು ವರ್ಷಕ್ಕೂ ಹಳೆಯದು.

ಅದಕ್ಕೆ ಮಾಕ್ಸನ್ ವೈಸ್ ಅಂತ ಹೆಸರು. ಜೋಸೆಫ್ ಮಾಕ್ಸನ್ 17ನೇ ಶತಮಾನದ ಲಂಡನ್ನಿನವನು. ಬಡಗಿಯಲ್ಲ, ಮುದ್ರಣದವನು. ನಕ್ಷೆ, ಭೂಗೋಲ ಮಾಡಿ ಮಾರುತ್ತಿದ್ದ. ಕಮ್ಮಾರರು, ಬಡಗಿಗಳು ಹೇಗೆ ಕೆಲಸ ಮಾಡುತ್ತಾರೆ ಅಂತ 1670ರ ದಶಕದ ಕೊನೆಯಿಂದ ಕಂತು ಕಂತಾಗಿ ಅಚ್ಚು ಹಾಕಿ ಮಾರಿದ. ಅದರಲ್ಲಿನ ಬಡಗಿ ಸಾಮಾನುಗಳ ಚಿತ್ರದಲ್ಲಿ ಎರಡು ತಿರುಪು ಇರುವ ಉದ್ದನೆಯ ವೈಸ್ ಒಂದಿದೆ. ಈಚಿನ ವರ್ಷಗಳಲ್ಲಿ ಅಮೆರಿಕದ ಮರಗೆಲಸದವರು ಅದನ್ನು ಮತ್ತೆ ಮಾಡಿ, ಬೆಂಚಿನಿಂದ ಬಿಡಿಸಿ ಎಲ್ಲಿಗೆ ಬೇಕಾದರೂ ಒಯ್ಯುವ ಹಾಗೆ ಮಾಡಿಕೊಂಡರು. ಎರಡು ದಪ್ಪ ಹಲಗೆ, ನಡುವೆ ಎರಡು ತಿರುಪು. ಅಷ್ಟೇ.

ಅಷ್ಟೇ ಅಂತ ಅನ್ನಿಸಿದ್ದಕ್ಕೇ ನಾನು ಮೊದಲ ಸಲ ಕೆಡಿಸಿದ್ದು. ಎರಡು ತಿರುಪು ಯಾಕೆ, ಒಂದು ಸಾಕಲ್ವಾ ಅಂತ ನಡುವೆ ಒಂದೇ ಬೋಲ್ಟ್ ಹಾಕಿದೆ. ಬೋಲ್ಟ್ ನಡುವೆ ಇದ್ದಮೇಲೆ ಹಲಗೆ ಅದರ ಪಕ್ಕದಲ್ಲೇ ಕೂರಬೇಕು, ಎಡಕ್ಕೋ ಬಲಕ್ಕೋ. ಬಲಕ್ಕೆ ಇಟ್ಟು ಬಿಗಿದೆ. ಮುಂದಿನ ಹಲಗೆ ಏತದ ಮರದ ಹಾಗೆ ಬೋಲ್ಟಿನ ಮೇಲೆ ವಾಲಿತು. ಎಡದ ತುದಿ ಒಳಕ್ಕೆ, ಬಲದ ತುದಿ ಹೊರಕ್ಕೆ. ಹಿಡಿದದ್ದು ಬೋಲ್ಟಿನ ಪಕ್ಕದ ಒಂದೇ ಅಂಚು. ಎಷ್ಟು ಬಿಗಿದರೂ ಹಲಗೆ ಕೆಳಕ್ಕೆ ಇಳಿಯುತ್ತಲೇ ಇತ್ತು. ಇನ್ನಷ್ಟು ಬಿಗಿದೆ. ಇನ್ನಷ್ಟು ವಾಲಿತು. ಇದು ಬಲ ಕಡಿಮೆಯಾಗಿ ಬಂದ ತೊಂದರೆಯಲ್ಲ. ಬಲ ತಪ್ಪು ಜಾಗದಲ್ಲಿತ್ತು.

ಅಂಗಡಿಯ ಕಬ್ಬಿಣದ ವೈಸಿಗೂ ಒಂದೇ ತಿರುಪು ಇರುತ್ತದೆ ನಿಜ. ಆದರೆ ಅದರ ಎರಡೂ ಪಕ್ಕದಲ್ಲಿ ದಪ್ಪ ಸರಳು ಇರುತ್ತವೆ. ದವಡೆ ವಾಲದಂತೆ ತಡೆಯುವುದು ಅವು. ಹಾಗಿದ್ದರೂ ಹಲಗೆಯನ್ನು ಒಂದು ತುದಿಯಲ್ಲಿ ಇಟ್ಟರೆ ಆ ವೈಸೂ ಸ್ವಲ್ಪ ವಾಲುತ್ತದೆ. ಎರಡು ತಿರುಪಿನದ್ದರಲ್ಲಿ ಸರಳು ಬೇಕಾಗಿಲ್ಲ. ಹಲಗೆ ಎರಡು ತಿರುಪುಗಳ ನಡುವೆ ನಿಲ್ಲುತ್ತದೆ. ಒತ್ತಡ ಎರಡೂ ಕಡೆಯಿಂದ ಬರುತ್ತದೆ, ವಾಲುವುದಕ್ಕೆ ಜಾಗವೇ ಇಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗಿರುವ ಹಲಗೆಯನ್ನೂ ಇದು ಹಿಡಿಯುತ್ತದೆ. ಎಡದ ತಿರುಪನ್ನು ಸ್ವಲ್ಪ ಜಾಸ್ತಿ, ಬಲದ್ದನ್ನು ಸ್ವಲ್ಪ ಕಡಿಮೆ ತಿರುಗಿಸಿದರೆ ಆಯಿತು.

ಕೈಯಲ್ಲಿ ತಿರುಗಿಸುವ ಬಲ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. ನಾನು ಬಳಸಿದ್ದು ಎಂ16 ಥ್ರೆಡ್ ರಾಡ್, ಉದ್ದಕ್ಕೂ ತಿರುಪಿನ ಗೆರೆ ಇರುವ ಕಬ್ಬಿಣದ ಸರಳು. ಅಂದರೆ 16 ಮಿಮೀ ದಪ್ಪ, ಒಂದು ಸುತ್ತಿಗೆ ನಟ್ 2 ಮಿಮೀ ಮುಂದೆ ಹೋಗುತ್ತದೆ. ಹಿಡಿಯ ಅಗಲ 100 ಮಿಮೀ ಇದ್ದರೆ ಒಂದು ಸುತ್ತಿಗೆ ನಿಮ್ಮ ಕೈ ಸುಮಾರು 314 ಮಿಮೀ ಓಡಾಡುತ್ತದೆ. ಕೈ 314 ಹೋದರೆ ದವಡೆ 2 ಹೋಗುತ್ತದೆ, ಅಂದರೆ 157 ಪಟ್ಟು. ಹಿಡಿಯ ಅಂಚಿಗೆ 5 ಕೆಜಿಯಷ್ಟು ಬಲ ಕೊಟ್ಟರೆ ಕಾಗದದ ಮೇಲೆ 785 ಕೆಜಿ ಬರಬೇಕು.

ಬರುವುದಿಲ್ಲ. ಥ್ರೆಡ್ಡಿನ ತಿಕ್ಕಾಟ, ವಾಷರಿನ ತಿಕ್ಕಾಟ ಹತ್ತರಲ್ಲಿ ಒಂಬತ್ತು ಪಾಲು ತಿಂದುಬಿಡುತ್ತವೆ. ಕೈಗೆ ಸಿಗುವುದು ಸುಮಾರು 80 ಕೆಜಿ. ನಷ್ಟ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ತಿಕ್ಕಾಟ ಇರುವುದರಿಂದಲೇ ಕೈ ಬಿಟ್ಟ ಮೇಲೂ ತಿರುಪು ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಥ್ರೆಡ್ಡಿನ ಇಳಿಜಾರು ಎರಡೂವರೆ ಡಿಗ್ರಿಯಷ್ಟು ಮಾತ್ರ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ತಾನಾಗಿ ಜಾರುವುದಿಲ್ಲ.

ಎರಡು ತಿರುಪು ಸೇರಿದರೆ 160 ಕೆಜಿ. ಮರದ ಮೇಲೆ ಮರ ಜಾರದಂತೆ ಹಿಡಿಯುವ ಶಕ್ತಿ ಒತ್ತಡದ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ಅಂತಿಟ್ಟುಕೊಳ್ಳಿ. ಹಲಗೆಗೆ ಎರಡು ಮುಖ ಇವೆ, ಎರಡೂ ಕಡೆ ಹಿಡಿತ. ಒಟ್ಟು 95 ಕೆಜಿ ಹತ್ತಿರ ಬರುತ್ತದೆ. ಗರಗಸ ಎಳೆಯುವಾಗ ನಾವು ಅದರ ಹತ್ತನೇ ಒಂದು ಭಾಗವನ್ನೂ ಹಾಕುವುದಿಲ್ಲ. ಹಾಗಾಗಿ ಹಿಡಿಗೆ ಸ್ಪ್ಯಾನರ್ ಹಾಕಿ ಬಿಗಿಯುವ ಅಗತ್ಯ ಬರಬಾರದು. ಬಂದರೆ ಎಲ್ಲೋ ದವಡೆ ಸಮ ಇಲ್ಲ ಅಂತ ಅರ್ಥ.

ಇನ್ನು ಮರದ ವಿಷಯ. ಎರಡು ದವಡೆ ಬೇಕು. ಹಿಂದಿನದು 600 ಮಿಮೀ ಉದ್ದ, 150 ಎತ್ತರ. ಮುಂದಿನದು 500 ಉದ್ದ, 140 ಎತ್ತರ. ಎರಡೂ 38ರಿಂದ 40 ಮಿಮೀ ದಪ್ಪ. ಇದರಲ್ಲಿ ದಪ್ಪ ಒಂದನ್ನು ಮಾತ್ರ ಕಡಿಮೆ ಮಾಡಬೇಡಿ, ಉಳಿದದ್ದು ನಿಮ್ಮಿಷ್ಟ. ತಿರುಪುಗಳು ಎರಡು ತುದಿಯಲ್ಲಿ ಎಳೆಯುತ್ತಿರುತ್ತವೆ, ಹಲಗೆ ನಡುವೆ ತಡೆಯುತ್ತಿರುತ್ತದೆ. ಮುಂದಿನ ದವಡೆ ಬಿಲ್ಲಿನ ಹಾಗೆ ಬಾಗಲು ನೋಡುತ್ತದೆ. ಬಾಗಿದರೆ ಅಗಲದ ಹಲಗೆಯ ಅಂಚುಗಳಷ್ಟೇ ಹಿಡಿತದಲ್ಲಿರುತ್ತವೆ, ನಡುಭಾಗ ಸಡಿಲ. ದಪ್ಪ ಎರಡು ಪಟ್ಟಾದರೆ ಬಾಗದಿರುವ ಗುಣ ಎಂಟು ಪಟ್ಟಾಗುತ್ತದೆ. 19 ಮಿಮೀ ಹಲಗೆ ಹಾಕಿ ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಯಾವ ಮರ? ಒಣಗಿದ್ದು, ನೇರ ಎಳೆಯದ್ದು ಯಾವುದಾದರೂ ಆದೀತು. ಹಳೇ ಬಾಗಿಲು ಚೌಕಟ್ಟಿನ ಹೊನ್ನೆ, ಮತ್ತಿ ಸಿಕ್ಕರೆ ಅದೃಷ್ಟ. ತೇಗ ಬೇಕಾಗಿಲ್ಲ, ಅದಕ್ಕೆ ದುಡ್ಡು ಸುರಿಯುವುದು ದಂಡ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮೆದು, ವಾಷರಿನ ಕೆಳಗೆ ಕುಳಿ ಬೀಳುತ್ತದೆ. ನಾನು ಮಾಡಿದ್ದು ಪ್ಲೈವುಡ್ಡಿನಲ್ಲಿ. ಅಡುಗೆಮನೆ ಕಪಾಟು ಮಾಡುವವರ ಹತ್ತಿರ 19 ಮಿಮೀ ಪ್ಲೈನ ತುಂಡುಗಳು ಮಿಕ್ಕಿರುತ್ತವೆ. ಎರಡೆರಡು ತುಂಡಿಗೆ ಫೆವಿಕಾಲ್ ಹಚ್ಚಿ, ಮೇಲೆ ಅಕ್ಕಿ ಮೂಟೆ ಹೇರಿ ಒಂದು ರಾತ್ರಿ ಬಿಟ್ಟೆ. 38 ಮಿಮೀ ಆಯಿತು. ಪ್ಲೈನ ಒಂದು ಅನುಕೂಲ ಏನೆಂದರೆ ಮಳೆಗಾಲದಲ್ಲಿ ಅದು ಮರದಷ್ಟು ಉಬ್ಬುವುದಿಲ್ಲ. ನೋಡಲು ಚೆಂದ ಇಲ್ಲ, ಬಿಡಿ.

ಹಿಂದಿನ ದವಡೆಯ ಕೆಳಗೆ, ಹಿಂಬದಿಗೆ, 120 ಮಿಮೀ ಅಗಲದ ಒಂದು ಪಾದದ ಹಲಗೆ ಅಂಟಿಸಿ ನಾಲ್ಕು ಸ್ಕ್ರೂ ಹೊಡೆಯಿರಿ. ಪಕ್ಕದಿಂದ ನೋಡಿದರೆ ನೆಟ್ಟಗೆ ಕೂತ ಮಣೆಯ ಕುರ್ಚಿಯ ಹಾಗೆ ಕಾಣಬೇಕು, ಒಂದು ಬೆನ್ನು, ಒಂದು ಸೀಟು. ಈ ಸೀಟನ್ನೇ ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯುವುದು.

ತೂತು ಕೊರೆಯುವಾಗ ಅವಸರ ಬೇಡ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಎರಡೂ ದವಡೆಗಳನ್ನು ಒಂದರ ಮೇಲೊಂದಿಟ್ಟು ಕ್ಲ್ಯಾಂಪ್ ಹಾಕಿ. ಮುಂದಿನ ದವಡೆಯ ಎರಡೂ ತುದಿಯಿಂದ 50 ಮಿಮೀ ಬಿಟ್ಟು, ಎತ್ತರದ ಅರ್ಧಕ್ಕೆ ಗುರುತು ಹಾಕಿ. ಅಲ್ಲಿಗೆ ತಿರುಪುಗಳ ನಡುವಿನ ದೂರ 400 ಮಿಮೀ ಆಯಿತು, 380 ಮಿಮೀ ಅಗಲದ ಹಲಗೆ ಸಲೀಸಾಗಿ ತೂರುತ್ತದೆ. ಎರಡೂ ದವಡೆಯನ್ನು ಒಟ್ಟಿಗೇ ಕೊರೆದರೆ ಅಳತೆ ತಪ್ಪುವ ಮಾತೇ ಇಲ್ಲ.

ಕೈಯಲ್ಲಿ ಹಿಡಿದ ಡ್ರಿಲ್ ನೆಟ್ಟಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಮನೆಯಲ್ಲಿ ಹಳೇ ಸಿಡಿ ಇದ್ದರೆ ತನ್ನಿ. ಗುರುತಿನ ಮೇಲೆ ಸಿಡಿ ಇಟ್ಟು, ಅದರ ನಡುವಿನ ತೂತಿನಿಂದ 6 ಮಿಮೀ ಬಿಟ್ ಇಳಿಸಿ. ಸಿಡಿಯಲ್ಲಿ ಬಿಟ್ಟಿನ ನೆರಳು ಕಾಣುತ್ತದೆ. ಬಿಟ್ಟು ಮತ್ತು ಅದರ ಪ್ರತಿಬಿಂಬ ಒಂದೇ ಗೆರೆಯಾಗಿ ಕಂಡರೆ ಡ್ರಿಲ್ ನೆಟ್ಟಗಿದೆ. ಮುರಿದ ಹಾಗೆ ಕಂಡರೆ ವಾಲಿದೆ. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಈ 6 ಮಿಮೀ ತೂತು ನೆಟ್ಟಗಾದರೆ ಅದರ ದಾರಿಯಲ್ಲೇ 16 ಮಿಮೀ ಚಪ್ಪಟೆ ಬಿಟ್ ಹೋಗುತ್ತದೆ. ಅದು ಆ ಕಡೆ ಮೂತಿ ಹಾಕಿದ ತಕ್ಷಣ ನಿಲ್ಲಿಸಿ, ಮಗುಚಿ ಇನ್ನೊಂದು ಕಡೆಯಿಂದ ಮುಗಿಸಿ. ಇಲ್ಲದಿದ್ದರೆ ಹಿಂಬದಿ ಸಿಬಿರೆದ್ದು ಹೋಗುತ್ತದೆ.

ಹಿಂದಿನ ದವಡೆಯ ತೂತು 16ರಲ್ಲೇ ಇರಲಿ, ರಾಡ್ ಬಿಗಿಯಾಗಿ ಕೂರಬೇಕು. ಮುಂದಿನದರ ತೂತು ಮಾತ್ರ ದೊಡ್ಡದಾಗಬೇಕು. ಎತ್ತರಕ್ಕೆ 19 ಮಿಮೀ, ಅಡ್ಡಕ್ಕೆ 25. ಅಂದರೆ ದುಂಡಲ್ಲ, ಮಲಗಿದ ಮೊಟ್ಟೆಯ ಆಕಾರ. ಪಕ್ಕ ಪಕ್ಕದಲ್ಲಿ ಎರಡು ತೂತು ಕೊರೆದು ನಡುವಿನದನ್ನು ಉಳಿಯಿಂದ ತೆಗೆದರೆ ಆ ಆಕಾರ ಬರುತ್ತದೆ. ಇದನ್ನು ನಾನು ಮೊದಲು ಮಾಡಿರಲಿಲ್ಲ. ತೂತು ಅಚ್ಚುಕಟ್ಟಾಗಿರಲಿ ಅಂತ 16.5 ಕೊರೆದಿದ್ದೆ. ಒಂದು ತಿರುಪು ಸ್ವಲ್ಪ ಮುಂದೆ ಹೋದರೆ ಸಾಕು, ದವಡೆ ರಾಡಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಉಬ್ಬಿ ಸಿಕ್ಕಿಕೊಂಡ ಕಿಟಕಿಯ ಹಾಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಈ ವೈಸಿನಲ್ಲಿ ಮುಂದಿನ ದವಡೆ ಲೊಡಲೊಡ ಅನ್ನಬೇಕು. ಅದೇ ಅದರ ಆರೋಗ್ಯ.

ರಾಡನ್ನು ಕೂರಿಸುವ ಬಗೆ ಎರಡಿವೆ. ರಾಡೇ ತಿರುಗುವ ಹಾಗೆ ಮಾಡಬಹುದು, ಇಲ್ಲವೇ ರಾಡನ್ನು ಗಟ್ಟಿ ಮಾಡಿ ಅದರ ಮೇಲೆ ಹಿಡಿ ತಿರುಗುವ ಹಾಗೆ ಮಾಡಬಹುದು. ಎರಡನೆಯದು ಸುಲಭ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೋ ಒಂದು ಮೀಟರ್ ಎಂ16 ಥ್ರೆಡ್ ರಾಡ್ ತನ್ನಿ. ಜೊತೆಗೆ ಆರು ನಟ್, ನಾಲ್ಕು ದೊಡ್ಡ ವಾಷರ್. 220 ಮಿಮೀ ಉದ್ದದ ಎರಡು ತುಂಡು ಸಾಕು. ಕತ್ತರಿಸುವ ಮುಂಚೆ ಒಂದು ನಟ್ಟನ್ನು ರಾಡಿಗೆ ಹಾಕಿ ಗುರುತಿನಿಂದ ಆಚೆಗೆ ತಿರುಗಿಸಿಟ್ಟುಕೊಳ್ಳಿ. ಹ್ಯಾಕ್‌ಸಾ ಹಾಕಿ ಕತ್ತರಿಸಿದ ಮೇಲೆ ಅರದಿಂದ ಅಂಚು ಉಜ್ಜಿ, ಆ ನಟ್ಟನ್ನು ತುದಿಯಿಂದ ಹೊರಕ್ಕೆ ಬಿಚ್ಚಿ. ಗರ್ ಅಂತ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಸಲೀಸು. ಹಾಳಾದ ಥ್ರೆಡ್ಡನ್ನು ನಟ್ಟೇ ಸರಿಮಾಡಿಕೊಂಡು ಹೊರಗೆ ಬರುತ್ತದೆ. ಇದನ್ನು ಮರೆತರೆ ಅರ್ಧ ಗಂಟೆ ತುದಿಗೆ ನಟ್ ಹಿಡಿಸುವುದರಲ್ಲೇ ಕಳೆಯುತ್ತದೆ.

ಹಿಂದಿನ ದವಡೆಯ ಒಳಮುಖದಲ್ಲಿ, ಅಂದರೆ ಹಲಗೆಗೆ ತಾಗುವ ಕಡೆ, ತೂತಿನ ಸುತ್ತ ಒಂದು ನಟ್ ಇಟ್ಟು ಚೂಪು ಪೆನ್ಸಿಲ್ಲಿನಿಂದ ಆರು ಮೂಲೆಯ ಗೆರೆ ಎಳೆಯಿರಿ. ಗೆರೆಯ ಒಳಗೆ 15 ಮಿಮೀ ಆಳಕ್ಕೆ ಉಳಿಯಿಂದ ಕೊರೆಯಿರಿ. ನಟ್ ಅದರಲ್ಲಿ ಮುಳುಗಬೇಕು, ತಲೆ ಹೊರಗೆ ಕಾಣಬಾರದು. ರಾಡನ್ನು ಅದರ ಮೂಲಕ ಹಿಂದಕ್ಕೆ ತಿರುಗಿಸಿ, ಹಿಂಬದಿಯಲ್ಲಿ ವಾಷರ್ ಮತ್ತು ನಟ್ ಹಾಕಿ 24 ನಂಬರ್ ಸ್ಪ್ಯಾನರಿನಿಂದ ಎಳೆದು ಬಿಗಿಯಿರಿ. ಮುಂದಿನ ನಟ್ ಮರದೊಳಗೆ ಸಿಕ್ಕಿಕೊಂಡಿದೆ, ತಿರುಗಲಾರದು. ಹಿಂದಿನ ನಟ್ ಎಳೆಯುತ್ತಿದೆ. ರಾಡ್ ಇನ್ನು ಅಲ್ಲಾಡುವುದಿಲ್ಲ. ವೈಸಿನ ಪೂರ್ತಿ ಭಾರ ಹೊರುವುದು ಹಿಂಬದಿಯ ವಾಷರ್. ಅದಕ್ಕೇ ಅಲ್ಲಿ ಅಗಲದ ವಾಷರ್ ಬೇಕು ಅಂದದ್ದು.

ಹಿಡಿಗೆ 40 ಮಿಮೀ ದಪ್ಪದ ಗಟ್ಟಿ ಮರ, 100 ಮಿಮೀ ಚೌಕದ ಎರಡು ತುಂಡು. ದುಂಡಗೆ ಮಾಡಲು ಹೋಗಬೇಡಿ. ನಾಲ್ಕು ಮೂಲೆ ಕತ್ತರಿಸಿ ಎಂಟು ಮೂಲೆ ಮಾಡಿದರೆ ಕೈಗೆ ಹಿಡಿತವೂ ಚೆನ್ನಾಗಿ ಸಿಗುತ್ತದೆ. ನಟ್ಟನ್ನು ಹಿಡಿಯೊಳಗೆ ಕೂರಿಸುವುದು ದವಡೆಯ ಕಡೆಯ ಮುಖದಲ್ಲಿ. ಆಗ ಬಿಗಿದಾಗ ನಟ್ ನೇರವಾಗಿ ವಾಷರನ್ನು ಒತ್ತುತ್ತದೆ, ಕಬ್ಬಿಣಕ್ಕೆ ಕಬ್ಬಿಣ. ಅರಾಲ್ಡೈಟ್ ಹಾಕುವುದು ನಟ್ ಕಳಚಿ ಬೀಳದಿರಲಿ ಅಂತ ಮಾತ್ರ. ಅಂಟು ಥ್ರೆಡ್ಡಿಗೆ ಹೋಗದಂತೆ ಮೊದಲು ಒಳಗೆ ಸ್ವಲ್ಪ ಮೇಣ ಸವರಿ. ಮಾಮೂಲಿ ಮೇಣದಬತ್ತಿ ಸಾಕು. ಅದೇ ಮೇಣವನ್ನು ರಾಡಿಗೂ ಉಜ್ಜಿದರೆ ತಿರುಗುವುದು ಹಗುರಾಗುತ್ತದೆ. ಎಣ್ಣೆ ಹಾಕಬೇಡಿ. ಮರದ ಹುಡಿ ಕೂತು ಅಂಟಂಟಾಗುತ್ತದೆ, ಹಲಗೆಗೂ ಕಲೆ.

ಜೋಡಿಸಿದ ಮೇಲೆ ಒಂದು ಪರೀಕ್ಷೆ. 300 ಮಿಮೀ ಅಗಲದ ಒಂದು ಸಮನಾದ ಹಲಗೆಯನ್ನು ನಡುವೆ ಇಳಿಸಿ. ಎಡ, ನಡು, ಬಲ ಮೂರು ಕಡೆ ಹಳೇ ಪತ್ರಿಕೆಯ ಪಟ್ಟಿ ಇಟ್ಟು ಬಿಗಿಯಿರಿ. ಒಂದೊಂದೇ ಪಟ್ಟಿ ಎಳೆದು ನೋಡಿ. ಮೂರೂ ಹರಿಯಬೇಕು, ಜಾರಬಾರದು. ನಡುವಿನದು ಜಾರಿದರೆ ದವಡೆ ಬಾಗುತ್ತಿದೆ. ಆಗ ಮುಂದಿನ ದವಡೆಯ ಒಳಮುಖವನ್ನು ಎರಡು ತುದಿಗಳಲ್ಲಿ ತೋಪಡದಿಂದ ಎರಡು ಸಲ ಎಳೆಯಿರಿ. ನಡುಭಾಗ ಒಂದು ಕಾಗದದಷ್ಟು ಉಬ್ಬಿ ನಿಂತರೆ, ಬಿಗಿದಾಗ ಅದೇ ಮಟ್ಟವಾಗುತ್ತದೆ. ನನ್ನದರಲ್ಲಿ ನಡುವಿನ ಪಟ್ಟಿ ಮೊದಲ ಸಲ ಬೆಣ್ಣೆಯಂತೆ ಜಾರಿಕೊಂಡು ಬಂತು. ತೋಪಡ ಆಡಿಸಿದ ಮೇಲೆ ಹರಿಯಿತು. ಪೇಪರ್ ಹರಿದದ್ದಕ್ಕೆ ಅಷ್ಟು ಖುಷಿ ಪಟ್ಟದ್ದು ಅದೇ ಮೊದಲು.

ಹಿಡಿತ ಇನ್ನೂ ಜಾಸ್ತಿ ಬೇಕೆಂದರೆ ಹಿಂದಿನ ದವಡೆಗೆ ತೆಳ್ಳನೆ ಚರ್ಮವನ್ನೋ ಕಾರ್ಕ್ ಹಾಳೆಯನ್ನೋ ಅಂಟಿಸಬಹುದು. ಸೈಕಲ್ ಟ್ಯೂಬೂ ಹಿಡಿಯುತ್ತದೆ, ಆದರೆ ಬಿಳಿ ಮರಕ್ಕೆ ಕಪ್ಪು ಕಲೆ ಬರುತ್ತದೆ. ಮುಂದಿನ ದವಡೆಯ ಮೇಲಿನ ಹೊರ ಅಂಚನ್ನು ಓರೆಯಾಗಿ ಕೆತ್ತಿದರೆ ಡವ್‌ಟೇಲ್ ಕಚ್ಚು (ಹಕ್ಕಿಯ ಬಾಲದ ಆಕಾರದ ಮೂಲೆ ಜೋಡಣೆ) ಕುಯ್ಯುವಾಗ ಗರಗಸದ ಹಿಡಿ, ಕೈ ಬೆರಳು ತಾಗುವುದಿಲ್ಲ.

ಮೇಜಿನ ಮೇಲೆ ಇಡುವುದಕ್ಕೂ ಒಂದು ಕ್ರಮ ಇದೆ. ಹಿಂದಿನ ದವಡೆಯ ಮುಖ ಮೇಜಿನ ಅಂಚಿನಿಂದ ಎರಡು ಮೂರು ಮಿಮೀ ಹೊರಗೆ ಬರಬೇಕು. ಮುಂದಿನ ದವಡೆ ಗಾಳಿಯಲ್ಲಿರಲಿ. ಆಗ ಉದ್ದನೆಯ ಹಲಗೆ ಮೇಜಿಗೆ ತಾಗದೆ ನೆಲದವರೆಗೂ ಇಳಿಯುತ್ತದೆ. ಪಾದದ ಹಲಗೆಗೆ ಎರಡು ಎಫ್ ಕ್ಲ್ಯಾಂಪ್, ಮೇಜಿನ ಅಡಿಗೆ ಒಂದೊಂದು ಪ್ಲೈ ಚೂರು. ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಬಿಗಿಯುವ ಆಸೆ ಬಂದರೆ ತಡೆದುಕೊಳ್ಳಿ. ಕಲ್ಲಿನ ಅಂಚು ಒಡೆದರೆ ಅಂಟಿಸಲಾಗದು.

ಊಟದ ಮೇಜು ಸಾಮಾನ್ಯವಾಗಿ 750 ಮಿಮೀ ಎತ್ತರ. ಅದರ ಮೇಲೆ 150 ಸೇರಿದರೆ 900. ನಿಂತು ಕಚ್ಚು ಕುಯ್ಯಲು ಹೇಳಿ ಮಾಡಿಸಿದ ಎತ್ತರ. ಗೆರೆ ಕಣ್ಣಿಗೆ ಹತ್ತಿರ ಬರುತ್ತದೆ, ಬೆನ್ನು ಬಗ್ಗುವುದಿಲ್ಲ. ನಿಜ ಹೇಳಬೇಕೆಂದರೆ ದೊಡ್ಡ ವರ್ಕ್‌ಬೆಂಚ್ ಇರುವವರೂ ಇದನ್ನು ಮಾಡಿಟ್ಟುಕೊಳ್ಳುವುದು ಈ ಎತ್ತರಕ್ಕಾಗಿಯೇ. ತೋಪಡ ಹೊಡೆಯಲು ಮಾತ್ರ ಇದು ಒಗ್ಗುವುದಿಲ್ಲ. ಅಷ್ಟು ಎತ್ತರದಲ್ಲಿ ಮೈಭಾರ ಹಾಕಲಾಗದು, ಮೇಜೇ ಗೋಡೆಯ ಕಡೆ ನಡೆಯುತ್ತದೆ.

ಸಣ್ಣ ತುಂಡು ಹಿಡಿಯುವಾಗ ಒಂದು ಎಚ್ಚರ. ತುಂಡು ತಿರುಪುಗಳ ಮಟ್ಟಕ್ಕಿಂತ ಮೇಲೆಯೇ ನಿಂತರೆ ದವಡೆಯ ಕೆಳಭಾಗ ಒಳಕ್ಕೆ ಹೋಗುತ್ತದೆ, ಮತ್ತೆ ಅದೇ ಏತದ ಆಟ, ಈ ಸಲ ಮೇಲೆ ಕೆಳಗೆ. ಕೆಳಗಡೆ ಅದೇ ದಪ್ಪದ ಇನ್ನೊಂದು ತುಂಡು ಕೊಟ್ಟರೆ ಸರಿಹೋಗುತ್ತದೆ. ನಾನು 12, 19, 25 ಮಿಮೀ ಚೂರುಗಳನ್ನು ದಾರದಲ್ಲಿ ಪೋಣಿಸಿ ಎಡದ ರಾಡಿನ ಹಿಂಬದಿ ತುದಿಗೆ ನೇತುಹಾಕಿದ್ದೇನೆ.

ಎಲ್ಲಾ ಸೇರಿ ಆರೇಳು ಕೆಜಿ ತೂಗುತ್ತದೆ. ಎರಡು ರಾಡನ್ನೇ ಹಿಡಿಕೆ ಮಾಡಿಕೊಂಡು ಎತ್ತಬಹುದು. ರಾತ್ರಿ ಎಂಟಕ್ಕೆ ತಟ್ಟೆ ಬರುವ ಸದ್ದು ಕೇಳಿದರೆ ಎರಡು ಕ್ಲ್ಯಾಂಪ್ ಬಿಚ್ಚುತ್ತೇನೆ, ವೈಸನ್ನು ಮಂಚದ ಕೆಳಗೆ ತಳ್ಳುತ್ತೇನೆ, ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತೇನೆ. ಆದರೂ ಸಾರಿನ ಬಟ್ಟಲಿನಲ್ಲಿ ಒಮ್ಮೊಮ್ಮೆ ಮರದ ಹುಡಿ ಸಿಗುತ್ತದೆ ಅನ್ನುವ ದೂರು ಇನ್ನೂ ನಿಂತಿಲ್ಲ.